ಶಿರಸಿಯಲ್ಲಿ ಮಕ್ಕಳ ಕ್ಲಿನಿಕ್: ನೋಟಿಸ್ ಬರುವ ಮೊದಲೇ ಏನೇನು ಸರಿಮಾಡಿಟ್ಟುಕೊಳ್ಳಬೇಕು?

ಘಟ್ಟದಮೇಲೆ (ಪ್ರಶ್ನೆ)

ಶಿರಸಿ ಪೇಟೆಯಲ್ಲಿ ಮಕ್ಕಳ ಕ್ಲಿನಿಕ್ ಶುರುವಾಗಲಿದೆ. ದಿನಕ್ಕೆ ಐವತ್ತು ಅರವತ್ತು ಓಪಿಡಿ, ಲಸಿಕೆ, ಆರು ಹಾಸಿಗೆಯ ಡೇ-ಕೇರ್. ಎನ್‌ಐಸಿಯು (ನವಜಾತ ಕೂಸುಗಳ ತೀವ್ರ ನಿಗಾ ಘಟಕ) ಇಲ್ಲ, ಕೈಮೀರಿದ್ದು ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕು. ಇಬ್ಬರು ನರ್ಸ್, ಒಬ್ಬ ಕಾಂಪೌಂಡರ್. ನಿರ್ಲಕ್ಷ್ಯದ ಕೇಸುಗಳ ಬಗ್ಗೆ ಸಿಗುವ ಸಲಹೆಯೆಲ್ಲ ದೊಡ್ಡ ಊರಿನ ಕಾರ್ಪೊರೇಟ್ ಆಸ್ಪತ್ರೆಗಳ ಅಳತೆಗೆ ಹೊಲಿದ ಅಂಗಿ. ನಮ್ಮ ಕಡೆಗೆ ಹೊಂದುವಂತೆ ಬಲ್ಲವರು ಹೇಳಬೇಕು.

ಮಗುವಿನ ಕಡತ ಎಷ್ಟು ವರ್ಷ ಇಡಬೇಕು? ಅಪ್ಪ ಗೋವಾದಲ್ಲೋ ಬೆಂಗಳೂರಲ್ಲೋ ಇರುತ್ತಾನೆ, ಮಗುವನ್ನು ಎತ್ತಿಕೊಂಡು ಬರುವವಳು ಅಜ್ಜಿ. ಆಗ ಸಹಿ ಯಾರದ್ದು? ವಾಟ್ಸಾಪಿನಲ್ಲಿ ಗುಳ್ಳೆಯ ಫೋಟೋ ಕಳಿಸಿ ಔಷಧ ಕೇಳಿದರೆ ಏನು ಮಾಡುವುದು? ಮಳೆಗಾಲದಲ್ಲಿ ರೆಫರ್ ಮಾಡಿದ ಮಗು ದಾರಿಯಲ್ಲಿ ಕೈಬಿಟ್ಟರೆ ಹೊಣೆ ಯಾರ ತಲೆಗೆ? ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಏನು ನೋಡಬೇಕು?

ಅಘನಾಶಿನಿ_ದಂಡೆ (ಮಕ್ಕಳ ವೈದ್ಯ)

ಕಾನೂನು ಬಲ್ಲವರು ಹೇಗೂ ಬರೆಯುತ್ತಾರೆ. ಅದಕ್ಕಿಂತ ಮೊದಲು ತಕ್ಕಡಿ ನೋಡಿ. ಮಕ್ಕಳ ಕೇಸುಗಳಲ್ಲಿ ಬಹುಪಾಲು ಹುಟ್ಟುವುದು ತೂಕ, ಮಿಲಿ ಮತ್ತು ‘ಮತ್ತೆ ಯಾವಾಗ ಬರಬೇಕು’ ಎಂಬ ಮೂರು ಕಡೆ. ಓಪಿಡಿ ಬಾಗಿಲಲ್ಲೇ ತೂಕ ಆಗಬೇಕು. ಹೋದ ತಿಂಗಳ ತೂಕ ನಕಲು ಮಾಡಬಾರದು. ತಕ್ಕಡಿ ಸರಿಯಿದೆಯೇ ಎಂದು ವಾರಕ್ಕೊಮ್ಮೆ ಐದು ಲೀಟರ್ ನೀರು ತುಂಬಿದ ಕ್ಯಾನ್ ಇಟ್ಟು ನೋಡಿ: ಖಾಲಿ ಕ್ಯಾನಿನ ತೂಕದ ಮೇಲೆ ಸರಿಯಾಗಿ 5 ಕೆಜಿ ತೋರಿಸಬೇಕು. ಅಪಸ್ಮಾರ ಬಂದು ತೂಗಲು ಆಗದ ಮಗುವಿಗೆ ‘ಅಂದಾಜು 12 ಕೆಜಿ’ ಎಂದೇ ಬರೆಯಿರಿ, ‘ಅಂದಾಜು’ ಎಂಬ ಪದ ಬಿಡಬೇಡಿ.

ಪ್ಯಾರಾಸಿಟಮಾಲ್ ಒಂದನ್ನೇ ತೆಗೆದುಕೊಳ್ಳಿ. 10 ಕೆಜಿ ಮಗು, ಕೆಜಿಗೆ 15 ಮಿಗ್ರಾಂ, ಅಂದರೆ ಒಂದು ಸಲಕ್ಕೆ 150 ಮಿಗ್ರಾಂ. 5 ಮಿಲಿಯಲ್ಲಿ 125 ಇರುವ ಸಿರಪ್ ಆದರೆ 6 ಮಿಲಿ. 250 ಇರುವ ಸಿರಪ್ ಆದರೆ 3 ಮಿಲಿ. 1 ಮಿಲಿಯಲ್ಲಿ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿಲಿ. ಚೀಟಿಯಲ್ಲಿ ಬರೀ ‘ಪಿಸಿಎಂ 6 ಮಿಲಿ’ ಎಂದಿದ್ದು, ಮೆಡಿಕಲ್ ಶಾಪಿನವ ‘ಅದಿಲ್ಲ, ಇದಿದೆ’ ಎಂದು 250ರದ್ದು ಕೊಟ್ಟರೆ ಮಗುವಿಗೆ ದುಪ್ಪಟ್ಟು. ಮನೆಯಲ್ಲಿ ಉಳಿದಿದ್ದ ಡ್ರಾಪ್ಸ್ ಬಾಟಲಿಯಿಂದ 6 ಮಿಲಿ ಹಾಕಿದರೆ 600 ಮಿಗ್ರಾಂ. ದಿನಕ್ಕೆ ನಾಲ್ಕು ಸಲದಂತೆ ಎರಡು ದಿನ ಹೋದರೆ ಲಿವರ್ ಮಾತಾಡುತ್ತದೆ. ಹಾಗಾಗಿ ಚೀಟಿಯ ಸಾಲು ಹೀಗಿರಬೇಕು:

‘ಪ್ಯಾರಾಸಿಟಮಾಲ್ ಸಿರಪ್, 5 ಮಿಲಿಗೆ 125 ಮಿಗ್ರಾಂ — ಒಂದು ಸಲಕ್ಕೆ 6 ಮಿಲಿ = 150 ಮಿಗ್ರಾಂ. ಜ್ವರ ಇದ್ದರೆ ಮಾತ್ರ. 6 ಗಂಟೆ ಅಂತರ. ದಿನಕ್ಕೆ 4 ಸಲ ಮೀರಬಾರದು. ತೂಕ 10 ಕೆಜಿ.’

ಮಿಗ್ರಾಂ ಮತ್ತು ಮಿಲಿ ಎರಡೂ ಬೇಕು. ಚಮಚ ಎಂದು ಬರೆಯಬೇಡಿ, ಒಬ್ಬೊಬ್ಬರ ಮನೆಯ ಚಮಚ ಒಂದೊಂದು ಅಳತೆ. ಸೂಜಿಯಿಲ್ಲದ 10 ಮಿಲಿ ಸಿರಿಂಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ಕೊಡುವುದಕ್ಕೆ ಖರ್ಚು ಎಷ್ಟು ಮಹಾ? ಅರ್ಧ ಮಿಲಿಯನ್ನು ‘0.5’ ಎಂದೇ ಬರೆಯಿರಿ. ಬರೀ ‘.5’ ಬರೆದರೆ ಚುಕ್ಕಿ ಮಾಸಿ ಐದಾಗುತ್ತದೆ. ಹಾಗೆಯೇ ‘5.0’ ಐವತ್ತಾಗುತ್ತದೆ.

ಇನ್ನು ಮನೆಗೆ ಕಳಿಸುವಾಗಿನ ಮಾತು. ‘ಕಡಿಮೆ ಆಗದಿದ್ದರೆ ಬನ್ನಿ’ ಎಂಬುದು ಸೂಚನೆಯಲ್ಲ. ಆರು ತಾಸಿನಿಂದ ಮೂತ್ರ ಇಲ್ಲ, ಕುಡಿದದ್ದೆಲ್ಲ ವಾಂತಿ, ಎಬ್ಬಿಸಿದರೂ ಏಳುತ್ತಿಲ್ಲ, ಪಕ್ಕೆ ಒಳಸೇದು ಉಸಿರು, ಕೈಕಾಲು ತಣ್ಣಗೆ: ಇವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಆ ಮಗುವಿಗೆ ತಾಗುವುದಕ್ಕೆ ಗುರುತು ಹಾಕಿ ಕೊಡಿ, ಕೊಟ್ಟಿದ್ದನ್ನು ಓಪಿಡಿ ಚೀಟಿಯಲ್ಲಿ ಬರೆಯಿರಿ. ಡೆಂಗಿ ಗುಮಾನಿ ಇರುವಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅಪಾಯ ಬರುವುದು ಜ್ವರ ಬಿಟ್ಟ ಮೇಲೆ. ಮನೆಯವರು ‘ಜ್ವರ ಇಳಿಯಿತು, ಗುಣವಾಯಿತು’ ಎಂದು ನಿರಾಳವಾಗುವ ಹೊತ್ತಿಗೇ ರಕ್ತನಾಳದ ನೀರು ಹೊರಗೆ ಜಿನುಗುತ್ತಿರುತ್ತದೆ. ‘ಜ್ವರ ಬಿಟ್ಟ ಮೇಲೂ 48 ಗಂಟೆ ಕಣ್ಣಿಡಿ’ ಎಂಬ ಒಂದು ಸಾಲು ಇಲ್ಲದೆ ಡೆಂಗಿ ಮಗುವನ್ನು ಕಳಿಸಬೇಡಿ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಬೇಡ ಎಂದೂ ಬರೆಯಿರಿ. ಮಲೆನಾಡಿನಲ್ಲಿ ಮಂಗನ ಕಾಯಿಲೆಗೂ ಅದೇ ಮಾತು. ಡಿಸೆಂಬರಿನಿಂದ ಮೇ ತನಕ ಸಿದ್ದಾಪುರ, ಹೊನ್ನಾವರ ಕಡೆಯ ಜ್ವರದ ಮಗು ಬಂದರೆ ‘ಕಾಡಿಗೆ, ತೋಟಕ್ಕೆ, ದರಕಿಗೆ (ಒಣಗಿದೆಲೆ ತರಲು) ಹೋಗಿದ್ದರೇ, ಮಂಗ ಸತ್ತದ್ದು ಕಂಡಿದ್ದರೇ’ ಎಂದು ಕೇಳಿ, ಉತ್ತರ ‘ಇಲ್ಲ’ ಎಂದಿದ್ದರೂ ಬರೆಯಿರಿ. ಕೇಳಿದ್ದೀರಿ ಎನ್ನುವುದಕ್ಕೆ ಆ ‘ಇಲ್ಲ’ವೇ ಸಾಕ್ಷಿ.

ಕೈತಪ್ಪುವ ರೋಗಗಳು ಎಲ್ಲ ಊರಲ್ಲೂ ಅವವೇ. ಹೊಟ್ಟೆನೋವಿನ ಹುಡುಗನ ಚಡ್ಡಿ ಬಿಚ್ಚಿ ನೋಡದೆ ಕಳಿಸುವುದು (ವೃಷಣ ತಿರುಚಿದ್ದರೆ ಆರು ಗಂಟೆಯ ಆಟ). ಐದು ವರ್ಷದೊಳಗಿನ ಅಪೆಂಡಿಸೈಟಿಸ್ಸನ್ನು ಬೇಧಿ ಎನ್ನುವುದು. ಮೂರು ತಿಂಗಳೊಳಗಿನ ಕೂಸಿನ ಜ್ವರಕ್ಕೆ ಸಿರಪ್ ಬರೆದು ಮನೆಗೆ ಕಳಿಸುವುದು. ಬಾಣಂತಿ ಎರಡನೇ ದಿನವೇ ಮನೆಗೆ ಹೋಗಿ, ಕೂಸಿನ ಕಾಮಾಲೆಗೆ ‘ಎಳೆಬಿಸಿಲಿಗೆ ಹಿಡಿಯಿರಿ’ ಎಂದು ಫೋನಿನಲ್ಲೇ ಮುಗಿಸುವುದು ಇವುಗಳಲ್ಲೆಲ್ಲ ಕೆಟ್ಟದ್ದು. ಕಪ್ಪು ಮೈಬಣ್ಣದ ಕೂಸಿನ ಹಳದಿ ಕಣ್ಣಳತೆಗೆ ಸಿಗುವುದಿಲ್ಲ. ಬಿಲಿರುಬಿನ್ (ಕಾಮಾಲೆ ಅಳೆಯುವ ರಕ್ತಪರೀಕ್ಷೆ) ಮಾಡಿ, ಎಷ್ಟನೇ ಗಂಟೆಯ ಕೂಸು ಎಂದು ಬರೆದು, ಚಾರ್ಟಿನ ಮೇಲೆ ಗುರುತಿಸಿ. ಬೇಗ ಮನೆಗೆ ಹೋದ ಕೂಸನ್ನು ಎರಡು ದಿನದೊಳಗೆ ಮತ್ತೆ ನೋಡುವ ತಾರೀಕು ಡಿಸ್ಚಾರ್ಜ್ ಕಾರ್ಡಿನಲ್ಲೇ ಇರಲಿ.

ಅವಧಿಗೆ ಮುನ್ನ ಹುಟ್ಟಿ, ಎನ್‌ಐಸಿಯುನಿಂದ ಬಿಡುಗಡೆಯಾಗಿ, ಲಸಿಕೆಗೆ ನಿಮ್ಮಲ್ಲಿ ಬರುವ ಕೂಸುಗಳ ಕಣ್ಣಿನ ತಪಾಸಣೆ ಆಗಿದೆಯೇ ಎಂದು ನೋಡುವುದೂ ನಿಮ್ಮದೇ. 34 ವಾರಕ್ಕೆ ಮುನ್ನ ಹುಟ್ಟಿದ ಅಥವಾ 2000 ಗ್ರಾಂಗಿಂತ ಕಡಿಮೆ ತೂಕದ ಕೂಸಿಗೆ ರೆಟಿನಾ ತಪಾಸಣೆ 30 ದಿನದೊಳಗೆ, 28 ವಾರ ಅಥವಾ 1200 ಗ್ರಾಂಗಿಂತ ಕಡಿಮೆಯಿದ್ದರೆ ಎರಡು ಮೂರನೇ ವಾರದಲ್ಲೇ. ‘ಅವರು ಹೇಳಿರಬಹುದು’ ಎಂದು ಇವರು, ‘ಇವರು ನೋಡಿಯಾರು’ ಎಂದು ಅವರು ಬಿಟ್ಟರೆ ಮಗು ಕುರುಡಾಗುತ್ತದೆ.

ಕಾರವಾರ_ಬಾರ್ (ವಕೀಲ)

ಮೇಲಿನವರು ಕೊನೆಗೆ ಹೇಳಿದ ಕಣ್ಣಿನ ವಿಷಯ ಸುಪ್ರೀಂ ಕೋರ್ಟ್ ತನಕ ಹೋದದ್ದೇ. ವಿ. ಕೃಷ್ಣಕುಮಾರ್ ವಿರುದ್ಧ ತಮಿಳುನಾಡು ಸರ್ಕಾರ: ಕೂಸು ಹುಟ್ಟಿದ್ದು 1996ರಲ್ಲಿ, 29 ವಾರಕ್ಕೆ, 1250 ಗ್ರಾಂ. ರೆಟಿನಾ ತಪಾಸಣೆ ಹೇಳಲಿಲ್ಲ, ಕಣ್ಣು ಹೋಯಿತು. ತೀರ್ಪು ಬಂದದ್ದು 2015ರಲ್ಲಿ, ಪರಿಹಾರ ಸುಮಾರು 1.8 ಕೋಟಿ. ಹುಟ್ಟಿಗೂ ತೀರ್ಪಿಗೂ ನಡುವೆ ಹತ್ತೊಂಬತ್ತು ವರ್ಷ. ಕಡತ ಎಷ್ಟು ವರ್ಷ ಇಡಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರು.

2002ರ ವೈದ್ಯಕೀಯ ನಡತೆ ನಿಯಮ ಹೇಳುವುದು ಒಳರೋಗಿಯ ದಾಖಲೆ ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ. ಅದು ಕನಿಷ್ಠ. ಗ್ರಾಹಕ ಆಯೋಗಕ್ಕೆ ಹೋಗಲು ಅವಧಿ ಎರಡು ವರ್ಷ, ಸಕಾರಣ ಇದ್ದರೆ ವಿಳಂಬ ಮನ್ನಿಸುವ ಅಧಿಕಾರವೂ ಆಯೋಗಕ್ಕಿದೆ. ಆದರೆ ಸಿವಿಲ್ ದಾವೆಯಲ್ಲಿ ಅಪ್ರಾಪ್ತರ ಗಡಿಯಾರ ಹದಿನೆಂಟು ತುಂಬುವ ತನಕ ನಿಂತಿರುತ್ತದೆ. ಮಿತಿ ಕಾಯ್ದೆಯ 6 ಮತ್ತು 8ನೇ ಕಲಂ ಪ್ರಕಾರ ಆಮೇಲೆ ಮೂರು ವರ್ಷ. ಅಂದರೆ ಇವತ್ತು ಹುಟ್ಟಿದ ಕೂಸು ಇಪ್ಪತ್ತೊಂದು ತುಂಬುವವರೆಗೂ ಕೇಳಬಹುದು. ಆದ್ದರಿಂದ ನವಜಾತ, ಅಪಸ್ಮಾರ, ತಲೆಪೆಟ್ಟು, ಶಸ್ತ್ರಚಿಕಿತ್ಸೆ, ರೆಫರಲ್, ಸಾವು ಇವುಗಳ ಕಡತ 21 ವರ್ಷ. ನೆಗಡಿ ಜ್ವರದ ಓಪಿಡಿಗೆ ಅಷ್ಟು ಬೇಡವೆನಿಸಿದರೂ ಸ್ಕ್ಯಾನ್ ಮಾಡಿ ಎರಡು ಕಡೆ ಇಡುವುದಕ್ಕೆ ಏನೂ ಅಡ್ಡಿಯಿಲ್ಲ. ಶಿರಸಿಯ ಮಳೆಯಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಥರ್ಮಲ್ ಪೇಪರಿನ ಇಸಿಜಿ ಕೆಲವೇ ವರ್ಷದಲ್ಲಿ ಬಿಳಿ ಹಾಳೆ. ಅದನ್ನು ಅಂದೇ ಫೋಟೋ ತೆಗೆದಿಡಿ.

ದಾಖಲೆ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು. ಕೊಡದಿರುವುದೇ ಒಂದು ದೋಷ, ಮೇಲಿಂದ ‘ಏನೋ ಮುಚ್ಚಿಡುತ್ತಿದ್ದಾರೆ’ ಎಂಬ ಊಹೆಗೆ ದಾರಿ. ಪ್ರತಿ ಕೇಳಿ ಅರ್ಜಿ ಬಂದ ಮೇಲೆ ಕೇಸ್ ಶೀಟ್ ತಿದ್ದುವುದು ಆತ್ಮಹತ್ಯೆಗೆ ಸಮ. ತಪ್ಪು ಬರೆದಿದ್ದರೆ ಓದಲು ಬರುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಕು, ವೇಳೆ. ವೈಟ್‌ನರ್ ಮುಟ್ಟಬೇಡಿ. ಮರೆತದ್ದನ್ನು ಆಮೇಲೆ ಬರೆಯುವುದಾದರೆ ‘ತಡವಾದ ನಮೂದು’ ಎಂದು ಹೇಳಿಯೇ ಬರೆಯಿರಿ. ನರ್ಸ್ ಬರೆದ ವೇಳೆಗೂ ಡಾಕ್ಟರ್ ಬರೆದ ವೇಳೆಗೂ ಗೋಡೆ ಗಡಿಯಾರಕ್ಕೂ ತಾಳೆ ಇರಲಿ. ಹತ್ತು ನಿಮಿಷ ಹಿಂದಿದ್ದ ಗಡಿಯಾರ ಪಾಟೀಸವಾಲಿನಲ್ಲಿ ಅರ್ಧ ದಿನ ತಿನ್ನುತ್ತದೆ.

ಹೆಚ್ಚಿನ ವೈದ್ಯರಿಗೆ ಗೊತ್ತಿಲ್ಲದ ಎರಡು ಸಂಗತಿ. ಒಂದು, 2019ರ ಗ್ರಾಹಕ ಕಾಯ್ದೆಯಡಿ ದೂರುದಾರ ತಾನಿರುವ ಊರಿನಲ್ಲೇ ದೂರು ಕೊಡಬಹುದು. ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಬಂದ ಪುಣೆಯ ಕುಟುಂಬದ ಮಗುವಿಗೆ ನೀವು ಅರ್ಧ ಗಂಟೆ ಚಿಕಿತ್ಸೆ ಕೊಟ್ಟಿದ್ದರೂ ಕಾರವಾರದ ಜಿಲ್ಲಾ ಆಯೋಗದ ಬದಲು ಪುಣೆಯ ಆಯೋಗಕ್ಕೆ ಓಡಾಡಬೇಕಾದೀತು. ಪ್ರವಾಸಿ ಮಕ್ಕಳ ಚೀಟಿಯನ್ನು ಊರಿನ ಮಕ್ಕಳದ್ದಕ್ಕಿಂತ ಪೂರ್ತಿಯಾಗಿ ಬರೆಯಿರಿ, ಅವರು ಮತ್ತೆ ನಿಮ್ಮಲ್ಲಿ ಬರುವವರಲ್ಲ. ಎರಡು, ಆಯೋಗದ ನೋಟಿಸು ದೂರಿನ ಪ್ರತಿಯೊಂದಿಗೆ ಕೈಸೇರಿದ ದಿನದಿಂದ ಲಿಖಿತ ಉತ್ತರಕ್ಕೆ 30 ದಿನ, ಮೇಲೆ ಹೆಚ್ಚೆಂದರೆ 15. ನಲವತ್ತಾರನೇ ದಿನ ಏನು ಹೇಳಿದರೂ ನಡೆಯುವುದಿಲ್ಲ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಅದನ್ನು ಖಡಾಖಂಡಿತ ಹೇಳಿದೆ. ಲಕೋಟೆ ಬಿಸಾಡಬೇಡಿ, ಅದರ ಮೇಲಿನ ಅಂಚೆ ಮುದ್ರೆ ಬೇಕು.

‘ಪಾಪದವರು, ಫೀ ತೆಗೆದುಕೊಂಡಿಲ್ಲ, ಹಾಗಾಗಿ ಗ್ರಾಹಕರಲ್ಲ’ ಎಂಬ ಸಮಾಧಾನವೂ ಬೇಡ. ಉಳಿದವರಿಂದ ಫೀ ಪಡೆಯುವ ಕಡೆ ಪುಕ್ಕಟೆ ನೋಡಿದ ಮಗುವೂ ಗ್ರಾಹಕನೇ ಎಂದು 1995ರ ವಿ.ಪಿ. ಶಾಂತಾ ತೀರ್ಪು.

ಪೊಲೀಸ್ ಕೇಸಿನ ಭಯ ಎಲ್ಲರಿಗೂ ಹೆಚ್ಚು, ಆದರೆ ಅಲ್ಲಿ ಅಳತೆಗೋಲು ಬೇರೆ. ಹಿಂದಿನ ಭಾರತೀಯ ದಂಡ ಸಂಹಿತೆಯ 304ಎ ಈಗ ಭಾರತೀಯ ನ್ಯಾಯ ಸಂಹಿತೆಯ 106(1). ನೋಂದಾಯಿತ ವೈದ್ಯ ಚಿಕಿತ್ಸೆಯ ವೇಳೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ ಎರಡು ವರ್ಷದವರೆಗೆ ಸಜೆ ಮತ್ತು ದಂಡ. ಅದಕ್ಕೆ ಘೋರ ನಿರ್ಲಕ್ಷ್ಯವೇ ಬೇಕು, ಮುಂದುವರಿಯುವ ಮೊದಲು ತನಿಖಾಧಿಕಾರಿ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು ಎಂದು ಜೇಕಬ್ ಮ್ಯಾಥ್ಯೂ ತೀರ್ಪು 2005ರಲ್ಲೇ ಹೇಳಿದೆ. ಆದರೆ ಅಲೋಪತಿ ಓದದವರ ಕೈಯಲ್ಲಿ ಅಲೋಪತಿ ಚಿಕಿತ್ಸೆ ನಡೆದರೆ ಈ ರಕ್ಷಣೆ ಕುಸಿಯುತ್ತದೆ. 1996ರ ಪೂನಂ ವರ್ಮಾ ಪ್ರಕರಣದಲ್ಲಿ ಹೋಮಿಯೋಪತಿ ವೈದ್ಯರು ಅಲೋಪತಿ ಔಷಧ ಕೊಟ್ಟದ್ದನ್ನೇ ಕೋರ್ಟು ನಿರ್ಲಕ್ಷ್ಯವೆಂದು ಎಣಿಸಿತು. ರಾತ್ರಿ ಡ್ಯೂಟಿಗೆ ಯಾರನ್ನು ಇಟ್ಟುಕೊಳ್ಳುತ್ತೀರಿ ಎಂಬುದು ಸಂಬಳದ ವಿಷಯ ಮಾತ್ರವಲ್ಲ.

ಸಹಿ ವಿಷಯ ಬೇರೆಯಾಗಿ ಬರೆಯುತ್ತೇನೆ.

ಸಿಸ್ಟರ್_ರಾತ್ರಿಪಾಳಿ (ನರ್ಸಿಂಗ್ ಮೇಲ್ವಿಚಾರಕಿ)

ಡಾಕ್ಟರುಗಳು ಚೀಟಿ ನೋಡುತ್ತಾರೆ, ನಾನು ಇಂಜೆಕ್ಷನ್ ಟ್ರೇ ನೋಡುತ್ತೇನೆ. 1998ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಸ್ಪ್ರಿಂಗ್ ಮೆಡೋಸ್ ಪ್ರಕರಣ ಟ್ರೇಯದ್ದೇ. ವಿಷಮಶೀತ ಜ್ವರದ ಮಗುವಿಗೆ ಕ್ಲೋರಾಂಫೆನಿಕಾಲ್ ಹೋಗಬೇಕಾದಲ್ಲಿ ನರ್ಸ್ ಕ್ಲೋರೊಕ್ವಿನ್ ಅನ್ನು ನರಕ್ಕೆ ಕೊಟ್ಟರು. ಮಗು ಬದುಕಿತು, ಮಿದುಳು ಉಳಿಯಲಿಲ್ಲ. ಮಗುವಿಗೆ ಹನ್ನೆರಡೂವರೆ ಲಕ್ಷ, ಅಪ್ಪ ಅಮ್ಮನ ಸಂಕಟಕ್ಕೆ ಬೇರೆ ಐದು ಲಕ್ಷ. ಮಗುವೂ ಗ್ರಾಹಕ, ಹೆತ್ತವರೂ ಗ್ರಾಹಕರು ಎಂದದ್ದು ಆ ತೀರ್ಪೇ. ನರ್ಸಿನ ತಪ್ಪು ಆಸ್ಪತ್ರೆಯ ತಪ್ಪು.

ಆರು ಹಾಸಿಗೆಯ ಡೇ-ಕೇರಿನಲ್ಲಿ ಮಾಡಬೇಕಾದ್ದು ಇಷ್ಟು. ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ (10 ಮಿಲಿಯಲ್ಲಿ 20 ಮಿಲಿಈಕ್ವಿವಲೆಂಟ್) ಡಿಸ್ಟಿಲ್ಡ್ ವಾಟರ್ ಪಕ್ಕದಲ್ಲಿ ಇರಲೇಕೂಡದು, ಬೇರೆ ಕಪಾಟು, ಬೀಗ, ಕೆಂಪು ಪಟ್ಟಿ. ಅಲ್ಲೇ ಬೇಕಿಲ್ಲದಿದ್ದರೆ ಇಡಲೇಬೇಡಿ. 28 ದಿನದೊಳಗಿನ ಕೂಸಿಗೆ ಕ್ಯಾಲ್ಸಿಯಂ ಹೋಗುತ್ತಿದ್ದರೆ ಸೆಫ್ಟ್ರಿಯಾಕ್ಸೋನ್ ಬೇಡ, ಎರಡೂ ಸೇರಿ ಗಟ್ಟಿಯಾಗುತ್ತವೆ. ಇಂಜೆಕ್ಷನ್ ಎಳೆದವರು ಒಬ್ಬರು, ಆಂಪ್ಯೂಲ್ ಹೆಸರು ಗಟ್ಟಿಯಾಗಿ ಓದುವವರು ಇನ್ನೊಬ್ಬರು. ಖಾಲಿ ಆಂಪ್ಯೂಲನ್ನು ಕೊಟ್ಟು ಮುಗಿಯುವ ತನಕ ಎಸೆಯಬಾರದು. ಬಾಯಿಮಾತಿನ ಆರ್ಡರ್ ತುರ್ತಿನಲ್ಲಿ ಮಾತ್ರ, ಅದನ್ನೂ ತಿರುಗಿ ಹೇಳಿ ಖಚಿತಪಡಿಸಿಕೊಂಡು ಕೊಡಬೇಕು.

ಲಸಿಕೆಗೆ ಹೆಸರು, ಬ್ಯಾಚ್ ನಂಬರ್, ಮುಕ್ತಾಯ ತಾರೀಕು, ಎಡತೊಡೆಯೋ ಬಲತೊಡೆಯೋ ಎಲ್ಲವೂ ಕಾರ್ಡಿನಲ್ಲೂ ರಿಜಿಸ್ಟರಿನಲ್ಲೂ ಇರಲಿ. ಎಂಆರ್ (ದಡಾರ-ರುಬೆಲ್ಲಾ), ಬಿಸಿಜಿ ಕಲಸಿದ ವೇಳೆ ವಯಲ್ ಮೇಲೆ ಬರೆದು, ಕಲಸಿ ನಾಲ್ಕು ತಾಸಾದೊಡನೆ ಎಸೆಯಿರಿ, ಆಯಾ ಲಸಿಕೆಯ ಜೊತೆ ಬಂದ ಡೈಲ್ಯುಯೆಂಟನ್ನೇ (ಕಲಸುವ ದ್ರವ) ಬಳಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಎರಡು ದಿನ ಬಾರದಿರುವುದು ಘಟ್ಟದ ಮೇಲೆ ಹೊಸದಲ್ಲವಲ್ಲ, ದಿನಕ್ಕೆರಡು ಸಲ ಬರೆದ 2ರಿಂದ 8 ಡಿಗ್ರಿಯ ಲಾಗ್ ಪುಸ್ತಕವೇ ನಿಮ್ಮ ಸಾಕ್ಷಿ. ಫ್ರಿಜ್ ಬಾಗಿಲಿನ ಕಪಾಟಿನಲ್ಲಿ ಲಸಿಕೆ ಇಡಬೇಡಿ. ಪೆಂಟಾವಲೆಂಟ್ (ಐದು ರೋಗಗಳ ಲಸಿಕೆ) ಹೆಪ್ಪುಗಟ್ಟಿದರೆ ಕೆಟ್ಟಂತೆ.

ಲಸಿಕೆ ಆದ ಮೇಲೆ ಅರ್ಧ ಗಂಟೆ ಕೂರಿಸಿ, ಕೂತ ವೇಳೆ, ಹೋದ ವೇಳೆ ಬರೆಯಿರಿ. ಲಸಿಕೆಗೆ ತೀವ್ರ ಅಲರ್ಜಿ (ಅನಾಫಿಲ್ಯಾಕ್ಸಿಸ್) ಆದರೆ ಕೊಡಲು ಅಡ್ರಿನಲಿನ್ 1:1000 ಆಂಪ್ಯೂಲ್, 1 ಮಿಲಿ ಸಿರಿಂಜ್ ಕಟ್ಟಿ ಅದೇ ಕೋಣೆಯಲ್ಲಿರಲಿ. ಕೆಜಿಗೆ 0.01 ಮಿಲಿ, ತೊಡೆಯ ಹೊರಪಕ್ಕದ ಸ್ನಾಯುವಿಗೆ: 10 ಕೆಜಿಗೆ 0.1 ಮಿಲಿ, 20 ಕೆಜಿಗೆ 0.2, ಮಕ್ಕಳಿಗೆ 0.3 ಮೀರುವುದಿಲ್ಲ. ಈ ಲೆಕ್ಕ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿರಲಿ, ಆ ಕ್ಷಣದಲ್ಲಿ ಯಾರ ತಲೆಯೂ ಓಡುವುದಿಲ್ಲ. ಅಡ್ರಿನಲಿನ್ ಬಿಟ್ಟು ಆವಿಲ್, ಹೈಡ್ರೋಕಾರ್ಟಿಸೋನ್ ಹುಡುಕಿಕೊಂಡು ನಿಂತದ್ದೇ ಇಂಥ ಸಾವುಗಳಲ್ಲಿ ಮೊದಲು ಎದ್ದು ಕಾಣುವ ತಪ್ಪು.

ನಾಯಿ ಅಥವಾ ಮಂಗ ಕಚ್ಚಿ ರಕ್ತ ಬಂದ ಮಗುವಿಗೆ ಬರೀ ರೇಬೀಸ್ ಲಸಿಕೆ ಹಾಕಿ ಕಳಿಸುವುದು ಇನ್ನೊಂದು ತಪ್ಪು. ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ರೇಬೀಸಿನ ಸಿದ್ಧ ಪ್ರತಿಕಾಯವಾದ ಇಮ್ಯುನೊಗ್ಲಾಬ್ಯುಲಿನ್ (ಮನುಷ್ಯರದ್ದಾದರೆ ಕೆಜಿಗೆ 20 ಯೂನಿಟ್, ಕುದುರೆಯದ್ದಾದರೆ 40) ಗಾಯದ ಸುತ್ತ ತುಂಬಬೇಕು. ನಿಮ್ಮಲ್ಲಿ ದಾಸ್ತಾನು ಇಲ್ಲದಿದ್ದರೆ ಎಲ್ಲಿದೆ ಎಂದು ಫೋನು ಮಾಡಿ ತಿಳಿದುಕೊಂಡು, ಅದೇ ದಿನ ಕಳಿಸಿ, ಹಾಗೆ ಕಳಿಸಿದ್ದನ್ನು ಬರೆಯಿರಿ.

ಎನ್ಎಚ್66 (ತುರ್ತು ಚಿಕಿತ್ಸೆ)

ರೆಫರಲ್ ಬಗ್ಗೆ. ನಮ್ಮ ಜಿಲ್ಲೆಯಲ್ಲಿ ಇದೇ ದೊಡ್ಡ ಗಂಡಾಂತರ, ಏಕೆಂದರೆ ಎಲ್ಲದಕ್ಕೂ ಗಡಿ ದಾಟಬೇಕು: ಕಾರವಾರದವರು ಗೋವಾದ ಬಾಂಬೋಳಿಗೆ, ಕರಾವಳಿಯ ಉಳಿದವರು ಮಣಿಪಾಲ ಮಂಗಳೂರಿಗೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ. ತಡವಾಗಿ ಕಳಿಸಿದ್ದಕ್ಕೂ ಕೇಸು ಬೀಳುತ್ತದೆ, ಸ್ಥಿರ ಮಾಡದೆ ಕಳಿಸಿದ್ದಕ್ಕೂ ಬೀಳುತ್ತದೆ. ಎರಡರ ನಡುವೆ ನಿಮ್ಮನ್ನು ಕಾಯುವುದು ಮೂರು ವೇಳೆ: ಮಗು ಬಂದದ್ದು, ರೆಫರ್ ನಿರ್ಧಾರವಾದದ್ದು, ಗಾಡಿ ಹೊರಟದ್ದು. ನಿರ್ಧಾರವಾಗಿ ಎರಡು ಗಂಟೆ ಮನೆಯವರು ದುಡ್ಡು ಹೊಂದಿಸುತ್ತಿದ್ದರೆ, 108 ಸಿಗಲು ತಡವಾದರೆ, ಅದನ್ನು ಹಾಗೆಯೇ ಬರೆಯದಿದ್ದರೆ ಆ ಎರಡು ಗಂಟೆ ನಿಮ್ಮ ಖಾತೆಗೆ.

ಪತ್ರದಲ್ಲಿ ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂದು ಒಂದು ಸಾಲು ಬರೆದು ಕೈತೊಳೆಯಬೇಡಿ. ತೂಕ, ನಾಡಿ, ಉಸಿರಿನ ಲೆಕ್ಕ, ಆಮ್ಲಜನಕ, ರಕ್ತದೊತ್ತಡ, ಸಕ್ಕರೆ; ಏನು ಕೊಟ್ಟಿದ್ದು, ಎಷ್ಟು, ಎಷ್ಟು ಹೊತ್ತಿಗೆ; ಅತ್ತ ಯಾರೊಂದಿಗೆ ಮಾತಾಡಿದ್ದು, ವೆಂಟಿಲೇಟರ್ ಇದೆ ಎಂದರೇ, ಎಷ್ಟು ಹೊತ್ತಿಗೆ ಹೇಳಿದರು. ಹಾಸಿಗೆ ಕೇಳದೆ ಕಳಿಸಿ, ಅಲ್ಲಿ ಜಾಗವಿಲ್ಲದೆ ಮಗು ಇನ್ನೊಂದು ಊರಿಗೆ ತಿರುಗಿದರೆ ಪ್ರಶ್ನೆ ಬರುವುದು ಮೊದಲು ಕಳಿಸಿದವರಿಗೆ. ರಸ್ತೆಯನ್ನೂ ಬರೆಯಿರಿ. ದೇವಿಮನೆ ಘಟ್ಟ, ಅರಬೈಲ್ ಘಟ್ಟ ಮಳೆಗಾಲದಲ್ಲಿ ಯಾವಾಗ ಮುಚ್ಚುತ್ತದೋ ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಇರಲಿಲ್ಲ. ‘ದೇವಿಮನೆ ಬಂದ್ ಇರುವುದರಿಂದ ಮಣಿಪಾಲದ ಬದಲು ಹುಬ್ಬಳ್ಳಿ’ ಎಂಬ ಅರ್ಧ ಸಾಲು ‘ಹತ್ತಿರದ ನರರೋಗ ತಜ್ಞರಿಗೆ ಏಕೆ ಕಳಿಸಲಿಲ್ಲ’ ಎಂಬ ಪ್ರಶ್ನೆಯನ್ನು ಹುಟ್ಟುವ ಮೊದಲೇ ಮುಗಿಸುತ್ತದೆ.

ಆಮ್ಲಜನಕದ ಲೆಕ್ಕ ಮಾಡದೆ ಗಾಡಿ ಬಿಡಬೇಡಿ. ತುಂಬಿದ ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್. ನಿಮಿಷಕ್ಕೆ 5 ಲೀಟರಿನಂತೆ ಐದು ಗಂಟೆ. ಮುಳ್ಳು ಅರ್ಧಕ್ಕಿದ್ದರೆ ಎರಡೂವರೆ ಗಂಟೆ. ಶಿರಸಿಯಿಂದ ಹುಬ್ಬಳ್ಳಿಗೆ ಎರಡೂವರೆ ಗಂಟೆ ಹಿಡಿದರೆ ಆಸ್ಪತ್ರೆಯ ಗೇಟಿನಲ್ಲಿ ಸಿಲಿಂಡರ್ ಖಾಲಿ. ಪ್ರಯಾಣದ ಸಮಯದ ದುಪ್ಪಟ್ಟು ಇರಬೇಕು, ಮುಳ್ಳಿನ ಫೋಟೋ ಒಂದು ತೆಗೆದಿಡಿ. ಕೂಸಾದರೆ ಸಕ್ಕರೆ ನೋಡಿ, ಕಡಿಮೆಯಿದ್ದರೆ 10% ಡೆಕ್ಸ್ಟ್ರೋಸ್ ಕೆಜಿಗೆ 2 ಮಿಲಿ ಕೊಟ್ಟು ಕಳಿಸಿ, ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಕಟ್ಟಿ. ಘಟ್ಟದ ಚಳಿಗೆ ತಣ್ಣಗಾಗಿ ಬಂದ ಕೂಸು ಅಲ್ಲಿ ಅರ್ಧ ಸೋತೇ ಬಂದಿರುತ್ತದೆ.

ಹಾವಿನ ಕಡಿತಕ್ಕೆ ಒಂದು ಮಾತು: ಮಗು ಸಣ್ಣದೆಂದು ವಿಷನಿರೋಧಕ ಕಡಿಮೆ ಮಾಡಬೇಡಿ. ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ, ದೊಡ್ಡವರಿಗೆಷ್ಟೋ ಮಕ್ಕಳಿಗೂ ಅಷ್ಟೇ ವಯಲ್. ಒಣಗಿದ ಗಾಜಿನ ಟ್ಯೂಬಿನಲ್ಲಿ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿ, ವಿಷ ಏರಿದ ಲಕ್ಷಣವಿದ್ದರೆ ಮೊದಲ ಡೋಸ್ ಶುರುಮಾಡಿಯೇ ರೆಫರ್. ‘ರಿಯಾಕ್ಷನ್ ಆದೀತು’ ಎಂದು ಹೆದರಿ ಬರಿಗೈಯಲ್ಲಿ ಕಳಿಸಿದ ಪತ್ರವನ್ನು ಸಮರ್ಥಿಸುವುದು ಕಷ್ಟ.

ಘಟ್ಟದಮೇಲೆ

ಎಲ್ಲರಿಗೂ ಉಪಕಾರ. ಅಜ್ಜಿಯ ಸಹಿ ಉಳಿಯಿತು. ಅಡ್ಮಿಷನ್ ಹಾಳೆಯಲ್ಲೇ ‘ಎಲ್ಲ ಚಿಕಿತ್ಸೆಗೂ ಒಪ್ಪಿಗೆ, ಏನಾದರೂ ಆಸ್ಪತ್ರೆ ಹೊಣೆಯಲ್ಲ’ ಎಂದು ಮೊದಲೇ ಅಚ್ಚು ಹಾಕಿಸಿದರೆ ಸಾಲದೇ? ಇನ್ಶೂರೆನ್ಸ್ ಮತ್ತು ವಾಟ್ಸಾಪ್ ಬಗ್ಗೆಯೂ ಯಾರಾದರೂ ಹೇಳಿ.

ಕಾರವಾರ_ಬಾರ್

ಸಾಲದು. ‘ಹೊಣೆಯಲ್ಲ’ ಎಂದು ಬರೆಸಿಕೊಂಡ ಹಾಳೆಗೆ ಆಯೋಗದಲ್ಲಿ ರದ್ದಿಯ ಬೆಲೆ. 2008ರ ಸಮೀರಾ ಕೊಹ್ಲಿ ತೀರ್ಪಿನ ನಂತರ ಒಪ್ಪಿಗೆ ಎಂದರೆ ಯಾವ ಚಿಕಿತ್ಸೆ, ಏಕೆ, ಏನು ಅಪಾಯ, ಬೇರೆ ದಾರಿ ಏನು, ಮಾಡದಿದ್ದರೆ ಏನು ಎಂಬುದನ್ನು ತಿಳಿಸಿ ಪಡೆದದ್ದು. ಪ್ರತಿ ಪ್ರೊಸೀಜರಿಗೂ ಬೇರೆ ಬೇರೆ.

ಗಂಟಲು ನೋಡಲು, ಎದೆ ಕೇಳಲು ಅಜ್ಜಿ ಕರೆತಂದದ್ದೇ ಸಾಕು. ಹೊಲಿಗೆ, ನಿದ್ರಾಜನಕ, ಬೆನ್ನುನೀರು ತೆಗೆಯುವುದು ಇವಕ್ಕೆ ಅಪ್ಪ ಅಥವಾ ಅಮ್ಮ. ಊರಿನಲ್ಲಿಲ್ಲದಿದ್ದರೆ ಸ್ಪೀಕರಿನಲ್ಲಿ ಫೋನು ಹಚ್ಚಿ, ನರ್ಸ್ ಸಾಕ್ಷಿಯಾಗಿ ಕೇಳಿಸಿಕೊಂಡು, ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಏನು ಹೇಳಿ ಏನು ಒಪ್ಪಿದರು ಎಂದು ಬರೆದು ಅಜ್ಜಿಯ ಸಹಿಯನ್ನೂ ಹಾಕಿಸಿ. ಯಾರೂ ಸಿಗದ, ತಡ ಮಾಡಿದರೆ ಜೀವ ಹೋಗುವ ಹೊತ್ತಿನಲ್ಲಿ ಒಪ್ಪಿಗೆಗೆ ಕಾಯಬೇಡಿ, ನ್ಯಾಯ ಸಂಹಿತೆಯ 30ನೇ ಕಲಂ ಇರುವುದು ಅದಕ್ಕೇ. ‘ಹೆತ್ತವರಿಗೆ ಮೂರು ಸಲ ಫೋನು, 9.10, 9.14, 9.20, ಉತ್ತರವಿಲ್ಲ’ ಎಂದು ಬರೆದರೆ ಆಯಿತು. ಹನ್ನೆರಡು ವರ್ಷದೊಳಗಿನವರ ಒಪ್ಪಿಗೆ ಕಾನೂನಿನಲ್ಲಿ ಒಪ್ಪಿಗೆಯೇ ಅಲ್ಲ. ಹನ್ನೆರಡು ದಾಟಿದವರನ್ನೂ ಕೇಳಿ ಬರೆಯಿರಿ, ಆದರೆ ಹದಿನೆಂಟರ ತನಕ ಹಿರಿಯರ ಸಹಿ ಬಿಡಬೇಡಿ. ಹದಿನೆಂಟು ತುಂಬದ ಹುಡುಗಿ ಗರ್ಭಿಣಿಯಾಗಿ ಬಂದರೆ, ಮನೆಯವರು ಏನೇ ಕಾಡಿಬೇಡಿದರೂ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅಪರಾಧ ನಿಮ್ಮದು.

ಭಾಷೆ ಗಮನಿಸಿ. ಕನ್ನಡ ಹಾಳೆಗೆ ಕೊಂಕಣಿ, ಮರಾಠಿ, ಭಟ್ಕಳದ ನವಾಯತಿ ಮಾತಾಡುವವರು ಸುಮ್ಮನೆ ಸಹಿ ಹಾಕಿಬಿಡುತ್ತಾರೆ. ‘ಕೊಂಕಣಿಯಲ್ಲಿ ವಿವರಿಸಿದ್ದು’ ಎಂದು ವಿವರಿಸಿದವರ ಹೆಸರು ಸಹಿ ಸಮೇತ ಇರಲಿ.

ಅಡ್ಮಿಷನ್ ಬೇಡ ಎಂದು ಎತ್ತಿಕೊಂಡು ಹೋಗುವವರ ಹಾಳೆಯೂ ಹೀಗೆಯೇ. ‘ಅಪಾಯ ತಿಳಿಸಲಾಗಿದೆ’ ಎಂದು ಬರೆದರೆ ಏನೂ ತಿಳಿಸಿದಂತಾಗಲಿಲ್ಲ. ‘ನಿಮಿಷಕ್ಕೆ 64 ಉಸಿರು, ಆಮ್ಲಜನಕ 89. ಮನೆಗೆ ಒಯ್ದರೆ ಉಸಿರು ನಿಂತು ಮಗು ಸಾಯಬಹುದು ಎಂದು ಹೇಳಿದೆ’ ಎಂದು ಬರೆಯಿರಿ. ಸಹಿ ಹಾಕದೆ ಹೋದರೆ ‘ನಿರಾಕರಿಸಿದರು’ ಎಂದು ಬರೆದು ಇಬ್ಬರು ಸಿಬ್ಬಂದಿ ಸಹಿ ಮಾಡಲಿ. ಹೋದವರಿಗೂ ಔಷಧ ಚೀಟಿ ಕೊಟ್ಟೇ ಕಳಿಸಿ, ಸಿಟ್ಟಿನಿಂದ ಬರಿಗೈ ಮಾಡಬೇಡಿ.

ಪಾಲಿಸಿ_ನೋಡುವವ

ಇನ್ಶೂರೆನ್ಸ್: ವೃತ್ತಿ ಹೊಣೆ ಪಾಲಿಸಿಗಳು ಸಾಮಾನ್ಯವಾಗಿ ‘ಕ್ಲೇಮ್ಸ್ ಮೇಡ್’ ಮಾದರಿಯವು. ತಪ್ಪು ನಡೆದ ವರ್ಷದ ಪಾಲಿಸಿ ಅಲ್ಲ, ನೋಟಿಸು ಬಂದ ವರ್ಷದ ಪಾಲಿಸಿ ಹಣ ಕೊಡುತ್ತದೆ, ಅದೂ ಘಟನೆ ‘ರೆಟ್ರೊಆಕ್ಟಿವ್ ಡೇಟ್’ (ಪಾಲಿಸಿ ಹಿಂದಕ್ಕೆ ಎಲ್ಲಿಯ ತನಕ ಅನ್ವಯವೋ ಆ ತಾರೀಕು) ನಂತರದ್ದಾಗಿದ್ದರೆ. ಒಂದು ವರ್ಷ ನವೀಕರಣ ತಪ್ಪಿದರೆ ಆ ತಾರೀಕು ಹೊಸದಾಗಿ ಶುರುವಾಗಿ ಹಿಂದಿನ ವರ್ಷಗಳೆಲ್ಲ ಬೆತ್ತಲೆ. ಮೇಲೆ ವಕೀಲರು ಹೇಳಿದ 21 ವರ್ಷವನ್ನು ಇದರ ಪಕ್ಕ ಇಟ್ಟು ನೋಡಿ: ಮಕ್ಕಳ ವೈದ್ಯರು ನಿವೃತ್ತಿಯಾದ ಮೇಲೂ ಕವರ್ ಮುಂದುವರಿಸಬೇಕಾಗುತ್ತದೆ. ಕಂಪನಿ ಬದಲಿಸುವಾಗ ಹಳೆಯ ತಾರೀಕನ್ನೇ ಮುಂದುವರಿಸುತ್ತೇವೆ ಎಂದು ಬರಹದಲ್ಲಿ ತೆಗೆದುಕೊಳ್ಳಿ.

ವೈದ್ಯರ ಪಾಲಿಸಿ ಬೇರೆ, ಸಂಸ್ಥೆಯ ಪಾಲಿಸಿ ಬೇರೆ. ನಿಮ್ಮದು ಹಾಸಿಗೆ, ನರ್ಸ್, ಕಾಂಪೌಂಡರ್ ಇರುವ ಕ್ಲಿನಿಕ್ ಆದ್ದರಿಂದ ಎರಡೂ ಬೇಕು. ಮಿತಿಯನ್ನು ಓದುವಾಗ ಒಂದು ಘಟನೆಗೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು ಎಂಬ ಎರಡು ಅಂಕಿ ನೋಡಿ. 1:4 ಎಂದಿದ್ದರೆ ಒಂದು ಕೋಟಿಯ ಪಾಲಿಸಿಯಲ್ಲಿ ಒಂದು ಕೇಸಿಗೆ ಇಪ್ಪತ್ತೈದು ಲಕ್ಷವೇ. ಕೋರ್ಟು ಹಾಕುವ ದಂಡ ಯಾವ ಪಾಲಿಸಿಯೂ ಕಟ್ಟುವುದಿಲ್ಲ. ವಕೀಲರ ನೋಟಿಸು ಬಂದ ಕೂಡಲೇ ಕಂಪನಿಗೆ ಇಮೇಲ್. ಮೊದಲೇ ನೀವಾಗಿ ಉತ್ತರ ಬರೆದು, ‘ತಪ್ಪಾಯಿತು, ಇಷ್ಟು ಕೊಡುತ್ತೇನೆ’ ಎಂದುಬಿಟ್ಟರೆ ಕವರ್ ನಿರಾಕರಿಸಲು ಅವರಿಗೆ ನೆಪ ಸಿಕ್ಕಿತು.

ಅಘನಾಶಿನಿ_ದಂಡೆ

ಆದರೆ ಇದನ್ನು ಕೇಳಿ ಮಗು ತೀರಿಕೊಂಡಾಗ ಬಾಯಿ ಹೊಲಿದುಕೊಂಡು ಕೂರಬೇಡಿ. ‘ನಮಗೂ ತುಂಬ ದುಃಖವಾಗಿದೆ’ ಎಂಬುದು ತಪ್ಪೊಪ್ಪಿಗೆಯಲ್ಲ. ಡಾಕ್ಟರ್ ಹಿಂಬಾಗಿಲಿನಿಂದ ಹೋಗಿ, ಸುದ್ದಿಯನ್ನು ಕಾಂಪೌಂಡರ್ ಕೈಯಲ್ಲಿ ಹೇಳಿಸಿದ ಕಡೆಯೇ ಕಲ್ಲು ಬೀಳುವುದು. ಹಿರಿಯರಿಬ್ಬರನ್ನು ಒಳಗೆ ಕೂರಿಸಿ, ಆದದ್ದನ್ನು ಆದ ಕ್ರಮದಲ್ಲಿ ಹೇಳಿ. ಕಾರಣ ಸ್ಪಷ್ಟವಿಲ್ಲದಿದ್ದರೆ ಪೋಸ್ಟ್‌ಮಾರ್ಟಂ ನೀವೇ ಕೇಳಿ, ಬೇಡವೆಂದರೆ ಬರೆಸಿಕೊಳ್ಳಿ. ಬಿಲ್ ಬಾಕಿಗಾಗಿ ಶವ ತಡೆಯುವುದನ್ನು ಕನಸಲ್ಲೂ ಎಣಿಸಬೇಡಿ. ಗಲಾಟೆಯ ಸೂಚನೆ ಕಂಡರೆ ಠಾಣೆಗೆ ಫೋನು ಮಾಡಿ, ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಗೆ ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆ ಇದೆ. ಕೇಸ್ ಶೀಟನ್ನು ಅಂದೇ ಸ್ಕ್ಯಾನ್ ಮಾಡಿಸಿ, ಆಮೇಲೆ ಯಾರೂ ಮುಟ್ಟಬಾರದು.

ವಾಟ್ಸಾಪ್: 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಮಕ್ಕಳ ವಿಷಯದಲ್ಲಿ ಜೊತೆಗೆ ಹಿರಿಯರು ಇರಲೇಬೇಕು, ಅವರು ಯಾರೆಂದು ಖಚಿತವಾಗಬೇಕು. ಮೊದಲೇ ನೋಡಿದ ಮಗು, ಹಳೆಯ ಎಕ್ಸಿಮಾ, ಅದೇ ಮುಲಾಮು ಮುಂದುವರಿಸುವುದಕ್ಕೆ ಫೋಟೋ ಸಾಕು. ಜ್ವರದೊಂದಿಗೆ ಗುಳ್ಳೆ, ಒತ್ತಿದರೆ ಮಾಸದ ಚುಕ್ಕೆ, ಮೂರು ತಿಂಗಳೊಳಗಿನ ಕೂಸು, ಉಸಿರಾಟದ ತೊಂದರೆ, ತಲೆಗೆ ಪೆಟ್ಟು, ಹೊಸ ಹೊಟ್ಟೆನೋವು: ಇವಕ್ಕೆ ಒಂದೇ ಉತ್ತರ, ‘ಈಗಲೇ ಕರೆತನ್ನಿ, ಆಗದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ’. ಥಂಬ್ಸ್ ಅಪ್ ಚಿಹ್ನೆ ಒತ್ತಬೇಡಿ, ನೀವು ‘ನೋಡಿದೆ’ ಎಂದು ಒತ್ತಿದ್ದು ಅವರಿಗೆ ‘ಪರವಾಗಿಲ್ಲ’ ಎಂದಾಗುತ್ತದೆ. ಹೇಳಿದ್ದನ್ನು ಮರುದಿನ ಬೆಳಗ್ಗೆ ಮಗುವಿನ ಚೀಟಿಗೆ ಹತ್ತಿಸಿ, ಫೋನ್ ಬದಲಿಸಿದಾಗ ಹಳೆಯ ಚಾಟ್ ಹೋಗದಂತೆ ಬ್ಯಾಕಪ್ ಇಡಿ. ರಾತ್ರಿ ಹತ್ತರ ಮೇಲೆ ಉತ್ತರ ಕೊಡುವುದಿಲ್ಲವೆಂದಾದರೆ ಸ್ವಯಂ-ಉತ್ತರದಲ್ಲಿ ತುರ್ತಿಗೆ ಎಲ್ಲಿ ಹೋಗಬೇಕೆಂದು ಬರೆದಿಡಿ, ಕ್ಲಿನಿಕ್ ಬಾಗಿಲಿಗೂ ಅದನ್ನೇ ಅಂಟಿಸಿ.